ಗಂಡಸರ ಕಡೆಯ ಬಾಗಿಲಲ್ಲಿ ನಿಂತವರ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಪುಣೆ ಮಹಾನಗರಪಾಲಿಕೆ, ಶಿವಾಜಿನಗರ, ಪುಣೆ.
ಹಡಪಸರ–ಮುಂಢವಾ ಕ್ಷೇತ್ರೀಯ ಕಾರ್ಯಾಲಯದ ಮುಖಾಂತರ.

ಇವರಿಂದ,
ಮಗರಪಟ್ಟಾ ಮತ್ತು ಹಡಪಸರದಲ್ಲಿ ವಾಸವಿರುವ, ದುಡಿಯುವ ಕನ್ನಡ ಮಾತಿನ ಹೆಂಗಸರು.

ವಿಷಯ: ಜನ ಸೇರುವ ಜಾಗಗಳಲ್ಲಿ ಹೆಂಗಸರ ಶೌಚಾಲಯದ ಸೀಟು ಹೆಚ್ಚಿಸುವ ಬಗ್ಗೆ; ಅಲ್ಲಿಯವರೆಗೆ, ಸಾಲು ಉದ್ದವಿದ್ದಾಗ ಗಂಡಸರ ಕಡೆ ಹೋದ ಹೆಂಗಸರಿಗೆ ಅಡ್ಡಿಪಡಿಸದಿರುವ ಬಗ್ಗೆ.

ಮಾನ್ಯರೇ,

ಈ ಮನವಿಯ ಮರಾಠಿ ಪ್ರತಿ ಜೊತೆಗಿದೆ, ಕಡತಕ್ಕೆ ಅದೇ ಹೋಗಲಿ. ಕನ್ನಡದಲ್ಲೂ ಬರೆದದ್ದಕ್ಕೆ ಕಾರಣವಿದೆ. ಸಹಿ ಹಾಕಿದವರಲ್ಲಿ ಐಟಿ ಕಂಪನಿಗಳಲ್ಲಿ ಕೂತು ದುಡಿಯುವವರಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಸೊಲ್ಲಾಪುರ ರಸ್ತೆ ಹಿಡಿದು ಬಂದು ಮನೆಗೆಲಸ, ಗಾರೆ ಕೆಲಸ ಮಾಡುವವರೂ ಇದ್ದಾರೆ. ಹೆಬ್ಬೆಟ್ಟು ಒತ್ತುವ ಮೊದಲು ‘ಏನ ಬರದೀರಿ, ಓದಿ ಹೇಳ್ರಿ’ ಎಂದವರ ಮುಂದೆ ಇದನ್ನು ಗಟ್ಟಿಯಾಗಿ ಓದಿದ್ದೇವೆ. ಕೇಳುವಾಗ ಎರಡು ಕಡೆ ನಕ್ಕರು, ಒಂದು ಕಡೆ ಸುಮ್ಮನಾದರು.

ಕಳೆದ ದೀಪಾವಳಿಯ ಹೊತ್ತಿನಲ್ಲಿ ನಮ್ಮಲ್ಲೊಬ್ಬರು ಅತ್ತೆಯನ್ನು ಒಂದು ಮಾಲ್‌ಗೆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ಯಾವ ಮಾಲ್ ಎಂಬುದು ಬೇಡ, ಎಲ್ಲ ಕಡೆಯೂ ಇದೇ ಕಥೆ. ಅತ್ತೆಗೆ 68 ವರ್ಷ, ಸಕ್ಕರೆ ಕಾಯಿಲೆ, ಬಿಪಿಗೆ ಕೊಟ್ಟ ಮಾತ್ರೆಯೂ ಮೂತ್ರ ಹೆಚ್ಚಿಸುವಂಥದ್ದು. ಇಂಟರ್‌ವಲ್ ಬಿಟ್ಟಾಗ ಹೆಂಗಸರ ಸಾಲು ಬಾಗಿಲು ದಾಟಿ ಪಾಪ್‌ಕಾರ್ನ್ ಕೌಂಟರಿನ ತನಕ ಬಂದಿತ್ತು. ಎದುರಿನ ಬಾಗಿಲಲ್ಲಿ ಗಂಡಸರು ಹೋದ ಹಾಗೆಯೇ ಹೊರಗೆ ಬರುತ್ತಿದ್ದರು. ‘ಇನ್ನ ತಡಿಯಾಕ ಆಗೂದಿಲ್ಲವ್ವಾ’ ಎಂದು ಅತ್ತೆ ಕೈ ಹಿಡಿದುಕೊಂಡಾಗ ಸೊಸೆ ಗಂಡಸರ ಕಡೆ ಇಣುಕಿ ನೋಡಿದರು. ಕಮೋಡಿನ ಕೋಣೆಗಳು ಮೂರೂ ಖಾಲಿ. ಅತ್ತೆಯನ್ನು ಒಳಗೆ ಬಿಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಸೆಕ್ಯುರಿಟಿಯವನು ಓಡಿ ಬಂದ: ‘ಮ್ಯಾಡಂ, ಹೇ ಜೆಂಟ್ಸ್ ಆಹೇ.’ ಗೊತ್ತು, ಇದರಿಂದ ಯಾರಿಗೆ ತೊಂದರೆಯಾಯಿತು ಹೇಳು ಎಂದು ಇವರು ಕೇಳಿದರು. ಅವನ ಹತ್ತಿರ ಉತ್ತರವಿರಲಿಲ್ಲ, ಸೂಪರ್‌ವೈಸರನ್ನು ಕರೆಯುತ್ತೇನೆ ಎಂದ. ಅಷ್ಟರಲ್ಲಿ ಒಳಗೆ ಹೋಗಬೇಕಿದ್ದ ಒಬ್ಬ ಹುಡುಗ ತಾನೇ ಹಿಂದಕ್ಕೆ ತಿರುಗಿ ನಿಂತು, ಬರುವವರನ್ನೆಲ್ಲ ‘ದೋನ್ ಮಿನಿಟ್ ಥಾಂಬಾ, ಆಜೀ ಆಹೇತ್ ಆತ್’ ಎಂದು ತಡೆದ. ಎರಡು ನಿಮಿಷವೂ ಹಿಡಿಯಲಿಲ್ಲ. ಆದರೆ ಅತ್ತೆ ಹೊರಗೆ ಬಂದವರು ಮುಖ ಎತ್ತಲಿಲ್ಲ, ಉಳಿದರ್ಧ ಸಿನಿಮಾ ಬೇಡ, ಮನೆಗೆ ನಡೆ ಎಂದರು. ಈಗಲೂ ಆ ಮಾತು ಬಂದರೆ ಎದ್ದು ಒಳಗೆ ಹೋಗುತ್ತಾರೆ.

ಓದುವಾಗ ಎಲ್ಲರೂ ಸುಮ್ಮನಾದದ್ದು ಇಲ್ಲಿಯೇ. ನಂತರ ಮೂಲೆಯಲ್ಲಿ ಕೂತಿದ್ದ ಒಬ್ಬಾಕೆ, ‘ಇದೇನ್ ಹೊಸಾದೇನ್ರಿ, ನಮ್ದು ದಿನಾ ಅದ’ ಎಂದಳು. ಅವಳು ಕೆಲಸ ಮಾಡುವ ಕಟ್ಟಡದ ಪಾರ್ಕಿಂಗಿನ ಮೂಲೆಯಲ್ಲಿ ಡ್ರೈವರು, ವಾಚಮನ್‌ಗಳಿಗೆಂದು ಕಟ್ಟಿದ ಒಂದು ಸಂಡಾಸಿದೆ. ಬಾಗಿಲ ಮೇಲೆ ಮೀಸೆಯ ಚಿತ್ರ. ನಾಲ್ಕು ಮನೆಯ ಪಾತ್ರೆ, ನೆಲ, ಬಟ್ಟೆ ಮುಗಿಸುವ ಹೆಂಗಸರಿಗೆ ಇರುವುದೂ ಅದೊಂದೇ, ಏಕೆಂದರೆ ತಾವು ತಿಕ್ಕಿ ತೊಳೆಯುವ ಬಾತ್‌ರೂಮನ್ನು ಬಳಸಲು ಹಲವು ಮನೆಗಳಲ್ಲಿ ಅವರಿಗೆ ಬಿಡುವುದಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲ ಮುಂದೆ ಬಕೆಟ್ ಇಟ್ಟುಕೊಂಡು ನಿಲ್ಲುತ್ತಾಳೆ. ಜೊತೆಗಾರ್ತಿ ಸಿಗದ ದಿನ? ‘ಮುಂಜಾನಿ ಚಾ ಕುಡದ್ ಬಂದ್ವಿ ಅಂದ್ರ ಸಂಜಿತನಾ ನೀರ ಮುಟ್ಟಂಗಿಲ್ರಿ. ಕುಡದ್ರ ಎಲ್ಲಿಗಿ ಹೋಗೂದು?’ ಉರಿಮೂತ್ರಕ್ಕೆಂದು ಡಾಕ್ಟರ ಬಳಿ ಹೋದರೆ, ಅವರು ಮೊದಲು ಹೇಳುವ ಮಾತು ಚೆನ್ನಾಗಿ ನೀರು ಕುಡಿಯಿರಿ ಎಂದು. ನಕ್ಕದ್ದು ಇಲ್ಲಿ ಒಮ್ಮೆ.

ಸಾಲು ಏಕೆ ಬೆಳೆಯುತ್ತದೆ ಎಂಬುದು ಹೆಂಗಸರ ‘ಮೇಕಪ್ಪಿನ’ ಮಾತಲ್ಲ, ಕಟ್ಟಡದ ಲೆಕ್ಕ. ನಕ್ಷೆಯಲ್ಲಿ ಎರಡೂ ಕಡೆಗೆ ಸಮ ಚದರಡಿ ಕೊಟ್ಟು ನ್ಯಾಯವಾಯಿತು ಎನ್ನುತ್ತಾರೆ. ಗೋಡೆಗೆ ಹಚ್ಚುವ ಮೂತ್ರದ ಬೇಸಿನ್ನಿಗೆ ಬಾಗಿಲು ಬೇಡ, ಕೋಣೆ ಬೇಡ. ಹಾಗಾಗಿ ಅದೇ ಜಾಗದಲ್ಲಿ ಗಂಡಸರಿಗೆ ಹೆಚ್ಚು ಜನ ನಿಲ್ಲುವಷ್ಟು ವ್ಯವಸ್ಥೆಯಾಗುತ್ತದೆ. ಇತ್ತ ಕೋಣೆಗಳು ಕಡಿಮೆ, ಹೊತ್ತು ಹೆಚ್ಚು. ಸೀರೆ ಎತ್ತಿ ಹಿಡಿಯಬೇಕು, ಪಿನ್ನು ಬಿಚ್ಚಬೇಕು, ಮುಟ್ಟಿನ ದಿನವಾದರೆ ಪ್ಯಾಡ್ ಬದಲಿಸಬೇಕು, ಜೊತೆಗೆ ಬಂದ ಮಗುವನ್ನೂ ಕೂರಿಸಬೇಕು. ಬಾಗಿಲ ಹಿಂದೆ ಕೊಕ್ಕೆ ಇಲ್ಲದಿದ್ದರೆ ಇಷ್ಟನ್ನೂ ಬ್ಯಾಗನ್ನು ಕುತ್ತಿಗೆಗೆ ಹಾಕಿಕೊಂಡು, ಒಂದು ಕೈಯಲ್ಲಿ ಮುರಿದ ಚಿಲಕ ಒತ್ತಿ ಹಿಡಿದು ಮಾಡಬೇಕು. ಒಂದು ಕೊಕ್ಕೆಗೆ ಎಷ್ಟು ಬೆಲೆಯಾದೀತು?

ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2017ರಲ್ಲಿ ಇದನ್ನು ಗಣಿತಕ್ಕೆ ಹಾಕಿ ನೋಡಿದರು. ಸಮ ಜಾಗ ಕೊಟ್ಟ ಜನದಟ್ಟಣೆಯ ಜಾಗದಲ್ಲಿ ಹೆಂಗಸರು 6 ನಿಮಿಷಕ್ಕೂ ಹೆಚ್ಚು ಕಾದರೆ ಗಂಡಸರು ಕೆಲವೇ ಸೆಕೆಂಡು ಕಾಯುತ್ತಾರೆ. ಕೋಣೆಗಳನ್ನು ಎಲ್ಲರಿಗೂ ತೆರೆದಿಟ್ಟರೆ ಹೆಂಗಸರ ಕಾಯುವಿಕೆ ಒಂದೂವರೆ ನಿಮಿಷದೊಳಗೆ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಇದನ್ನು ಅರ್ಧ ಒಪ್ಪಿದೆ: ಕಚೇರಿಗಳಲ್ಲಿ 25 ಗಂಡಸರಿಗೆ ಒಂದು ಸೀಟು, 15 ಹೆಂಗಸರಿಗೆ ಒಂದು. ಗಂಡಸರಿಗೆ ಬೇಸಿನ್ನುಗಳು ಅದರ ಮೇಲೆ ಬೇರೆ, ಆದ್ದರಿಂದ ಅರ್ಧ ಎಂದೆವು.

ಗಂಡಸರ ಕಡೆ ಹೋಗುವುದು ನಮ್ಮ ಊರಿನವರೇ ಶುರುಮಾಡಿದ್ದಲ್ಲ. 1990ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದ ಡೆನಿಸ್ ವೆಲ್ಸ್ ಎಂಬಾಕೆ ಉದ್ದ ಸಾಲು ನೋಡಿ ಗಂಡಸರ ಶೌಚಾಲಯಕ್ಕೆ ಹೋದಳು. ಪೊಲೀಸ್ ಹೊರಗೆ ಕರೆತಂದು ಕೇಸು ಹಾಕಿದ. ಆ ನವೆಂಬರಿನಲ್ಲಿ ನ್ಯಾಯಾಲಯದ ಜ್ಯೂರಿ ಅರ್ಧ ಗಂಟೆಯೂ ತೆಗೆದುಕೊಳ್ಳದೆ ಅವಳನ್ನು ಬಿಟ್ಟಿತು, ಮುಂದೆ ಟೆಕ್ಸಾಸ್ ರಾಜ್ಯ ಹೆಂಗಸರಿಗೆ ಹೆಚ್ಚು ಸೀಟಿನ ಕಾನೂನನ್ನೂ ಮಾಡಿತು. 2012ರ ಫೆಬ್ರವರಿಯಲ್ಲಿ ಚೀನಾದ ಗ್ವಾಂಗ್‌ಜೌ ನಗರದಲ್ಲಿ ಯುವತಿಯರು ಗಂಡಸರ ಶೌಚಾಲಯವನ್ನು ಆಗಾಗ ಕೆಲವು ನಿಮಿಷ ‘ಆಕ್ರಮಿಸಿ’, ಸಾಲಿನಲ್ಲಿದ್ದ ಹೆಂಗಸರನ್ನು ಒಳಗೆ ಬಿಟ್ಟರು. ಗಂಡಸರು ಹೊರಗೆ ನಿಂತು ಕಾಯುವುದು ಏನೆಂದು ನೋಡಿದರು. ಇದನ್ನು ಓದಿದಾಗ ಎರಡನೇ ಸಲ ನಕ್ಕರು.

ನಿಮ್ಮ ಪಾಲಿಕೆಗೆ ಹೊರಗಿನ ಉದಾಹರಣೆ ಬೇಕಾಗಿಯೂ ಇಲ್ಲ. ಪುಣೆಯದೇ ಮಹಿಳಾ ಪತ್ರಿಕೆ ‘ಮಿಳೂನ್ ಸಾರ್ಯಾಜಣಿ’, ಹೆಂಗಸರಿಗೆ ಶೌಚಾಲಯವಿಲ್ಲ ಎಂದು ಬಾಂಬೆ ಹೈಕೋರ್ಟಿಗೆ ಹೋಯಿತು. 2015ರ ಡಿಸೆಂಬರ್ 23ರಂದು ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ರೇವತಿ ಮೋಹಿತೆ ಡೇರೆ ಅವರ ಪೀಠ, ಶುಚಿಯಾದ ಶೌಚಾಲಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು; ಮಹಾರಾಷ್ಟ್ರದ ಮಹಾನಗರಪಾಲಿಕೆಗಳೆಲ್ಲ ಸಮಿತಿ ಮಾಡಿ ಹೆಂಗಸರ ಶೌಚಾಲಯಗಳಿಗೆ ಯೋಜನೆ ರೂಪಿಸಬೇಕೆಂದೂ ಹೇಳಿತು. ಓಕಾ ಅವರು ಮುಂದೆ ನಮ್ಮ ಕರ್ನಾಟಕದ ಮುಖ್ಯ ನ್ಯಾಯಮೂರ್ತಿಯಾದವರು, ಹೀಗಾಗಿ ಆ ತೀರ್ಪನ್ನು ನಾವು ಸ್ವಲ್ಪ ಸಲಿಗೆಯಿಂದಲೇ ಎತ್ತಿ ಹೇಳುತ್ತೇವೆ. 1949ರ ಪಾಲಿಕೆ ಕಾಯ್ದೆಯ 63ನೇ ಕಲಮು ಸಾರ್ವಜನಿಕ ಶೌಚಾಲಯವನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳ ಪಟ್ಟಿಯಲ್ಲಿ ಇಟ್ಟಿದೆ. ಹಳೆಯ ಬಸ್ಸುಗಳನ್ನು ಹೆಂಗಸರ ಶೌಚಾಲಯ ಮಾಡಿದ ‘ತೀ’ ಯೋಜನೆ 2016ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ. ನಾಲ್ಕು ವರ್ಷದ ನಂತರ, 2020ರ ಆಗಸ್ಟಿನಲ್ಲಿ, ನಮ್ಮ ಕೆಎಸ್‌ಆರ್‌ಟಿಸಿ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಗುಜರಿಗೆ ಹೋಗಬೇಕಿದ್ದ ಬಸ್ಸೊಂದನ್ನು ‘ಸ್ತ್ರೀ ಶೌಚಾಲಯ’ ಮಾಡಿ ನಿಲ್ಲಿಸಿತು.

ಪಾಲಿಕೆಗೆ ಇದು ಬರದ ವಿದ್ಯೆ ಎನ್ನುವಂತಿಲ್ಲ ಎಂಬುದನ್ನು ನಾವು ಪ್ರತಿ ಆಷಾಢದಲ್ಲಿ ನೋಡುತ್ತೇವೆ. ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ದಿವೆ ಘಾಟಿನ ಕಡೆಗೆ, ತುಕಾರಾಮರದು ಸೊಲ್ಲಾಪುರ ರಸ್ತೆಯ ಕಡೆಗೆ ಬೇರೆಯಾಗುವುದು ಹಡಪಸರದಲ್ಲೇ. ಅಷ್ಟು ದೊಡ್ಡ ಜನಸಾಗರಕ್ಕೆಂದು ತಾತ್ಕಾಲಿಕ ಶೌಚಾಲಯಗಳು ಬಂದು ನಿಲ್ಲುತ್ತವೆ, ವಾರಕರಿ ಹೆಂಗಸರಿಗೆ ಮರೆ ಸಿಗುತ್ತದೆ. ಪಾಲಖಿ ಮುಂದೆ ಹೋದ ಮೇಲೆ ಅದೇ ಹಡಪಸರದ ಗಾಡಿತಳ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವ ಹೆಂಗಸರು ಮಾತ್ರ ಉಳಿದ ದಿನಗಳಲ್ಲೂ ಅಲ್ಲೇ ಇರುತ್ತಾರೆ.

ನಮ್ಮ ಬೇಡಿಕೆಗಳನ್ನು ಈಗ ಹೇಳುತ್ತೇವೆ.

ಎಲ್ಲಕ್ಕಿಂತ ಮೊದಲು ಎಣಿಕೆ. ಹಡಪಸರ–ಮುಂಢವಾ ಕ್ಷೇತ್ರದ ಮಾಲ್, ಚಿತ್ರಮಂದಿರ, ಮಂಗಲ ಕಾರ್ಯಾಲಯ, ಆಸ್ಪತ್ರೆ, ಕಂಪನಿ ಕಟ್ಟಡ, ಉದ್ಯಾನ, ಬಸ್ ನಿಲ್ದಾಣ ಎಲ್ಲದರಲ್ಲೂ ಹೆಂಗಸರಿಗೆ ಎಷ್ಟು ಸೀಟು, ಗಂಡಸರಿಗೆ ಬೇಸಿನ್ ಸೇರಿ ಎಷ್ಟು ಎಂದು ಎಣಿಸಿ ಪ್ರಕಟಿಸಬೇಕು. ಬಾಗಿಲು ಎಣಿಸಿದರೆ ಸಾಲದು, ಬೀಗ ಹಾಕಿದ್ದನ್ನೂ ನೀರಿಲ್ಲದ್ದನ್ನೂ ಬಿಟ್ಟು ಎಣಿಸಬೇಕು. ಮಗರಪಟ್ಟಾ ಖಾಸಗಿ ನಗರ, ನಮಗೆ ಸಂಬಂಧವಿಲ್ಲ ಎಂಬ ಉತ್ತರ ಬರಬಹುದು. ಕಟ್ಟಡದ ನಕ್ಷೆಗೆ ಮಂಜೂರಾತಿ ಕೊಡುವುದು, ಪೂರ್ಣಗೊಂಡ ಪ್ರಮಾಣಪತ್ರ ಕೊಡುವುದು ಪಾಲಿಕೆಯೇ. ಅಲ್ಲದೆ ಈ ನೆಲದ ಚರಿತ್ರೆಯೇ ಲೆಕ್ಕದ್ದು: ಸುಮಾರು 400 ಎಕರೆಯ ಒಡೆಯರಾಗಿದ್ದ ರೈತ ಕುಟುಂಬಗಳು ಹೊಲ ಮಾರಿ ಕೈತೊಳೆದುಕೊಳ್ಳದೆ, ತಂತಮ್ಮ ಭೂಮಿಗೆ ತಕ್ಕ ಪಾಲು ಹಿಡಿದು ಕಟ್ಟಿದ ಊರು ಇದು. ಯಾರ ಪಾಲು ಎಷ್ಟು ಎಂದು ಗುಂಟೆಗಟ್ಟಲೆ ಎಣಿಸಿದವರಿಗೆ ಸೀಟು ಎಣಿಸುವುದು ಕಷ್ಟವಾಗದು.

ಹೊಸ ಕಟ್ಟಡಗಳಿಗೆ ಒಪ್ಪಿಗೆ ಕೊಡುವಾಗ ಸಮ ಚದರಡಿಯ ಬದಲು ಸಮ ಕಾಯುವಿಕೆಯನ್ನು ಅಳತೆ ಮಾಡಿಕೊಳ್ಳಿ. ಜನ ಒಮ್ಮೆಗೇ ಎದ್ದು ಬರುವ ಚಿತ್ರಮಂದಿರ, ಮಂಗಲ ಕಾರ್ಯಾಲಯಗಳಲ್ಲಿ, ಗಂಡಸರ ಬೇಸಿನ್ ಮತ್ತು ಸೀಟು ಕೂಡಿಸಿದ ಸಂಖ್ಯೆಗೆ ಕನಿಷ್ಠ ಒಂದೂವರೆ ಪಟ್ಟು ಸೀಟು ಹೆಂಗಸರಿಗಿರಲಿ. ಹಳೆಯ ಕಟ್ಟಡಗಳಲ್ಲಿ ಗೋಡೆ ಒಡೆಯಲಾಗದು ಎನ್ನುವವರು, ಬೇಸಿನ್ ಇಲ್ಲದ ಕೋಣೆಗಳ ಒಂದು ಭಾಗವನ್ನು ಎಲ್ಲರಿಗೂ ಬಿಡಲಿ, ಅಂಥ ಕೋಣೆಯ ಬಾಗಿಲು ನೆಲದಿಂದ ಸೂರಿನವರೆಗೆ ಇರಲಿ.

ಅಲ್ಲಿಯವರೆಗೆ ಒಂದು ಸುತ್ತೋಲೆ ಬೇಕು. ಹೆಂಗಸರ ಸಾಲು ಉದ್ದವಿದ್ದು ಗಂಡಸರ ಕೋಣೆ ಖಾಲಿಯಿದ್ದರೆ, ಮುದುಕಿಯರು, ಬಸುರಿಯರು, ಕಾಯಿಲೆಯವರು, ಪುಟ್ಟ ಮಕ್ಕಳ ತಾಯಂದಿರು ಆ ಕಡೆ ಹೋದಾಗ ಯಾರೂ ಗದರಬಾರದು, ಫೋಟೊ ತೆಗೆಯಬಾರದು, ಸೂಪರ್‌ವೈಸರನ್ನು ಕರೆಯಬಾರದು. ಬದಲಿಗೆ ಸೆಕ್ಯುರಿಟಿಯವರೇ ಆ ಹುಡುಗನ ಹಾಗೆ ಎರಡು ನಿಮಿಷ ಬಾಗಿಲು ಕಾಯಲಿ. ಇದರಲ್ಲಿ ನಮ್ಮೊಳಗೇ ಒಮ್ಮತವಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಗಂಡಸರು ನಿಂತ ಕಡೆ ಕಾಲಿಡುವುದಕ್ಕಿಂತ ತಡೆದುಕೊಂಡು ಸಾಯುವುದೇ ವಾಸಿ ಎಂದವರಿದ್ದರು. ಒಬ್ಬಳೇ ಹೋದಾಗ ಒಳಗೆ ಏನಾದರೂ ಆದರೆ ಹೊಣೆ ಯಾರು ಎಂದು ಕೇಳಿದವರಿದ್ದರು, ಆ ಪ್ರಶ್ನೆ ಸರಿಯಾದದ್ದೇ. ಹಾಗಾಗಿ ಇದನ್ನು ತಾತ್ಕಾಲಿಕ ಎಂದೇ ಕೇಳುತ್ತಿದ್ದೇವೆ, ಕಾವಲು ಸಮೇತ ಕೇಳುತ್ತಿದ್ದೇವೆ. ಇದನ್ನೇ ತೋರಿಸಿ ಹೊಸ ಸೀಟು ಕಟ್ಟುವುದನ್ನು ಮುಂದೂಡಿದರೆ ಮನವಿಯ ಈ ಭಾಗವನ್ನು ನಾವೇ ಹಿಂದೆಗೆದುಕೊಳ್ಳುತ್ತೇವೆ.

ವಸತಿ ಸೊಸೈಟಿಗಳಲ್ಲಿ ಮನೆಗೆಲಸದವರಿಗೆ ಬೇರೆ ಶೌಚಾಲಯ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ನೀರು, ದೀಪ ಇರುವುದನ್ನು ಕ್ಷೇತ್ರೀಯ ಕಾರ್ಯಾಲಯ ಪರಿಶೀಲಿಸಲಿ. ಹೋಟೆಲುಗಳ ವಿಷಯದಲ್ಲಿ ದಕ್ಷಿಣ ದೆಹಲಿ ಪಾಲಿಕೆ 2017ರಲ್ಲಿ ಮಾಡಿದ್ದನ್ನು ನೋಡಿ: ತಿನ್ನಲೆಂದು ಬಾರದವರಿಗೂ ಶೌಚಾಲಯ ತೆರೆದಿಡಬೇಕು, ಹೆಚ್ಚೆಂದರೆ 5 ರೂಪಾಯಿ ಪಡೆಯಬಹುದು ಎಂದಿತ್ತು. ಸೊಲ್ಲಾಪುರ ರಸ್ತೆಯ ಮೇಲೆ ಅಷ್ಟಾದರೂ ಆಗಲಿ. ಮತ್ತೆ ಕೊಕ್ಕೆ, ಪ್ರತಿ ಬಾಗಿಲ ಹಿಂದೆ ಒಂದು.

ಈ ಬಗ್ಗೆ ಮಾತುಕತೆಗೆ ಕರೆಯುವಿರಾದರೆ ರವಿವಾರ ಮಧ್ಯಾಹ್ನ ಕರೆಯಿರಿ, ಉಳಿದ ದಿನ ರಜೆ ಹಾಕಿದರೆ ಕೂಲಿ ಹೋಗುವವರು ನಮ್ಮಲ್ಲಿದ್ದಾರೆ. ಸಿನಿಮಾ ಅರ್ಧಕ್ಕೆ ಬಿಟ್ಟು ಬಂದ ಅತ್ತೆಯವರೂ ಬರುತ್ತೇನೆಂದಿದ್ದಾರೆ, ಆದರೆ ಒಂದು ಷರತ್ತು ಹಾಕಿದ್ದಾರೆ. ಸಭೆ ಯಾವ ಮಹಡಿಯಲ್ಲಿ ಎಂದು ಬರೆಯುವ ನೋಟಿಸಿನಲ್ಲೇ, ಆ ಮಹಡಿಯ ಹೆಂಗಸರ ಶೌಚಾಲಯ ಎಲ್ಲಿದೆ ಎಂದೂ ಬರೆದಿರಬೇಕು.

ತಮ್ಮ ವಿಶ್ವಾಸಿಗಳು,
ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳು ಲಗತ್ತಿಸಿದ ಹಾಳೆಗಳಲ್ಲಿವೆ.
ಮಗರಪಟ್ಟಾ, ಹಡಪಸರ, ಪುಣೆ