ಹಲ್ಲಿನ ಗುರುತಿಗೆ ಹತ್ತು ಸಾವಿರ: ಎಣಿಸುವವರು ಯಾರು?

ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ನೀಡಿದ ತೀರ್ಪೊಂದು ನಾಯಿ ಕಡಿತಕ್ಕೆ ದರಪಟ್ಟಿಯನ್ನೇ ನಿಗದಿಪಡಿಸಿತು. ಪ್ರತಿಯೊಂದು ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ. ಮಾಂಸ ಕಿತ್ತುಬಂದಿದ್ದರೆ ಗಾಯದ ಪ್ರತಿ 0.2 ಸೆಂಟಿಮೀಟರಿಗೆ ಕನಿಷ್ಠ 20,000 ರೂಪಾಯಿ. ಪರಿಹಾರದ ಪ್ರಾಥಮಿಕ ಹೊಣೆ ಸರ್ಕಾರದ್ದು. ಮೊತ್ತವನ್ನು ನಿರ್ಧರಿಸಬೇಕಾದದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ. 2025ರಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದ ಮೇಲೆ ನಮ್ಮ ಚರ್ಚೆಯೆಲ್ಲ ಬೀದಿನಾಯಿಗಳನ್ನು ಎಲ್ಲಿಡಬೇಕೆಂಬುದರ ಸುತ್ತಲೇ ಸುತ್ತಿದೆ. ಕಡಿತಕ್ಕೊಳಗಾದವರ ಮೈಮೇಲಿನ ಗಾಯವೇ ಒಂದು ದಾಖಲೆ ಎಂಬ ಅಂಶದತ್ತ ಗಮನ ಹರಿದದ್ದು ಕಡಿಮೆ.

ಸರ್ಕಾರಿ ಸೇವೆಯಲ್ಲಿ ಪರಿಹಾರದ ಕಡತಗಳನ್ನು ವರ್ಷಗಟ್ಟಲೆ ನೋಡಿದ ನನಗೆ ಇಂಥ ದರಪಟ್ಟಿ ಸ್ವಾಗತಾರ್ಹವೆಂದೇ ತೋರುತ್ತದೆ. ಮಾನದಂಡವಿಲ್ಲದ ಕಡೆ ಶಿಫಾರಸು ಹೊತ್ತು ತಂದವನಿಗೆ ಹೆಚ್ಚು, ಬರಿಗೈಯಲ್ಲಿ ಬಂದವನಿಗೆ ಕಡಿಮೆ ಸಿಗುತ್ತದೆ. ಆದರೆ ಅಳತೆಗೋಲನ್ನು ಕೊಟ್ಟ ಮೇಲೆ ಅದನ್ನು ಓದಬಲ್ಲವರೂ ಇರಬೇಕು.

ನ್ಯಾಯವೈದ್ಯಶಾಸ್ತ್ರ ಇಲ್ಲಿ ಎಷ್ಟರಮಟ್ಟಿಗೆ ನೆರವಾದೀತು? ನಾಯಿಗೆ 42 ಹಲ್ಲುಗಳು. ಮುಂಭಾಗದಲ್ಲಿ ಮೇಲೆ ಆರು, ಕೆಳಗೆ ಆರು ಬಾಚಿಹಲ್ಲುಗಳು. ಅವುಗಳ ಇಕ್ಕೆಲಗಳಲ್ಲಿ ಒಟ್ಟು ನಾಲ್ಕು ಕೋರೆಹಲ್ಲುಗಳು. ಆಳಕ್ಕಿಳಿಯುವುದು ಕೋರೆಹಲ್ಲು. ಅದು ಚರ್ಮವನ್ನು ಕಚ್ಚಿ ಹಿಡಿದಾಗ, ನಾಯಿ ತಲೆ ಕೊಡವಿದಂತೆಲ್ಲ ಉಳಿದ ಹಲ್ಲುಗಳು ಮಾಂಸವನ್ನು ಸೀಳುತ್ತವೆ. ರಂಧ್ರವೂ ಸೀಳೂ ಒಟ್ಟಿಗೇ ಕಾಣುವುದು ನಾಯಿ ಕಡಿತದ ಲಕ್ಷಣ. ಇಷ್ಟನ್ನು ಅನುಭವಿ ವೈದ್ಯರು ಧಾರಾಳವಾಗಿ ಹೇಳಬಲ್ಲರು. ಕಷ್ಟವಿರುವುದು ಎಣಿಕೆಯಲ್ಲಿ. ನಾಯಿ ಹಿಡಿತ ಬದಲಿಸಿದರೆ ಒಂದೇ ಹಲ್ಲಿನಿಂದ ಎರಡು ರಂಧ್ರಗಳಾಗುತ್ತವೆ. ಎಳೆದಾಡಿದರೆ ನಾಲ್ಕು ಹಲ್ಲುಗಳ ಗುರುತು ಒಂದೇ ಸೀಳಿನಲ್ಲಿ ಬೆರೆತುಹೋಗುತ್ತದೆ. ಇನ್ನು 0.2 ಸೆಂಟಿಮೀಟರ್ ಎಂದರೆ ಉದ್ದವೋ, ಅಗಲವೋ, ಆಳವೋ? ಒಂದು ಸೆಂಟಿಮೀಟರಿಗೆ ಲಕ್ಷ ರೂಪಾಯಿ ಬೆಲೆಯಿರುವಾಗ ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಚರ್ಮವಾದರೋ ಹಿಗ್ಗುವ, ಊದಿಕೊಳ್ಳುವ ವಸ್ತು. ಬೆಳಿಗ್ಗೆಯ ಅಳತೆ ಸಂಜೆಗೆ ಇರುವುದಿಲ್ಲ.

ಹಲ್ಲಿನ ಗುರುತಿನ ಬಗ್ಗೆ ತಜ್ಞರು ಅತಿಯಾದ ಖಚಿತತೆಯಿಂದ ಮಾತನಾಡಿದರೆ ಏನಾಗುತ್ತದೆಂಬುದಕ್ಕೆ ಆಸ್ಟ್ರೇಲಿಯಾದ ಅಜಾರಿಯಾ ಚೇಂಬರ್ಲಿನ್ ಪ್ರಕರಣವೇ ಸಾಕ್ಷಿ. 1980ರ ಆಗಸ್ಟ್‌ನಲ್ಲಿ ಉಲುರು ಬಂಡೆಯ ಬಳಿಯ ಬಿಡಾರದಿಂದ ಒಂಬತ್ತು ವಾರಗಳ ಹಸುಗೂಸು ಕಣ್ಮರೆಯಾಯಿತು. ಡಿಂಗೊ ಎಂಬ ಕಾಡುನಾಯಿ ಹೊತ್ತೊಯ್ದಿತೆಂದು ತಾಯಿ ಲಿಂಡಿ ಹೇಳಿದರು. ಮಗುವಿನ ಉಡುಪಿನಲ್ಲಿದ್ದ ಹರಿತ ಹಲ್ಲಿನದಲ್ಲ, ಕತ್ತರಿಯಂಥ ಆಯುಧದ್ದು ಎಂದು ಸರ್ಕಾರಿ ಪಕ್ಷದ ತಜ್ಞರು ನುಡಿದರು. 1982ರಲ್ಲಿ ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. 1986ರಲ್ಲಿ ಡಿಂಗೊಗಳು ವಾಸಿಸುವ ಜಾಗದಲ್ಲೇ ಮಗುವಿನ ಅಂಗಿ ಸಿಕ್ಕಿತು. ಕಾರಿನಲ್ಲಿ ರಕ್ತವೆಂದು ತೋರಿಸಿದ್ದು ಶಬ್ದ ತಡೆಯಲು ಬಳಿಯುವ ಲೇಪವಾಗಿತ್ತು. 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವಿನ ಸಾವಿಗೆ ಡಿಂಗೊ ಕಾರಣವೆಂದು ಅಧಿಕೃತವಾಗಿ ದಾಖಲಾಗಲು 2012ರವರೆಗೆ ಕಾಯಬೇಕಾಯಿತು.

ಮನುಷ್ಯರ ಹಲ್ಲಿನ ಗುರುತಿನಿಂದ ಕಚ್ಚಿದವನನ್ನು ಗುರುತಿಸುವ ವಿದ್ಯೆಗೆ ಸಾಕಷ್ಟು ವೈಜ್ಞಾನಿಕ ಬುನಾದಿಯಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2023ರಲ್ಲಿ ವರದಿ ಮಾಡಿತು. ನಾಯಿಯ ವಿಷಯದಲ್ಲಿ ಹೆಚ್ಚಿನ ಭರವಸೆ ಇಟ್ಟುಕೊಳ್ಳಲು ಕಾರಣ ಕಾಣದು. ಇಂಥದೇ ನಾಯಿ ಎನ್ನಲು ಗಾಯದಲ್ಲಿನ ಜೊಲ್ಲಿನ ಡಿಎನ್ಎ ಪರೀಕ್ಷೆ ಬೇಕು. ಆದರೆ ರೇಬೀಸ್ ತಡೆಯಲು ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು; ಆಗ ಆ ಜೊಲ್ಲೂ ತೊಳೆದುಹೋಗುತ್ತದೆ. ಸಾಕ್ಷ್ಯಕ್ಕಾಗಿ ತೊಳೆಯುವುದನ್ನು ತಡಮಾಡೆಂದು ಯಾರೂ ಹೇಳಲಾರರು. ಸಾಕುನಾಯಿಯ ಒಡೆಯ ನ್ಯಾಯಾಲಯದಲ್ಲಿ 'ನನ್ನ ನಾಯಿಯಲ್ಲ' ಎಂದಾಗ ಮಾತ್ರ ಈ ಕೊರತೆ ಬಾಧಿಸುತ್ತದೆ. ಬೀದಿನಾಯಿಗೆ ಒಡೆಯನೇ ಇಲ್ಲವಾದ್ದರಿಂದ, ಕಡಿದದ್ದು ನಾಯಿ ಎಂದಷ್ಟು ಸಾಬೀತಾದರೆ ಸಾಕು.

ಸಾವಿನ ಪ್ರಕರಣಗಳಲ್ಲಿ ಇನ್ನೊಂದು ತೊಡಕಿದೆ. ಬೇರಾವುದೋ ಕಾರಣದಿಂದ ಸತ್ತವರ ದೇಹವನ್ನು ನಾಯಿಗಳು ಕಚ್ಚುವುದುಂಟು. ಜೀವವಿದ್ದಾಗ ಆದ ಗಾಯದ ಸುತ್ತ ಅಂಗಾಂಶದೊಳಗೆ ರಕ್ತ ಇಂಗಿರುತ್ತದೆ. ಸತ್ತ ಮೇಲಿನದರಲ್ಲಿ ಸಾಮಾನ್ಯವಾಗಿ ಅದು ಕಾಣಿಸದು. ಕೊಲೆಯೊಂದು ನಾಯಿಗಳ ತಲೆಗೆ ಕಟ್ಟಲ್ಪಡದಿರಲು, ಹಾಗೆಯೇ ನಿಜವಾದ ಸಂತ್ರಸ್ತ ಕುಟುಂಬ ಪರಿಹಾರದಿಂದ ವಂಚಿತವಾಗದಿರಲು, ಶವಪರೀಕ್ಷೆ ನಡೆಸುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು.

ಕರ್ನಾಟಕ ಸರ್ಕಾರ 2025ರ ನವೆಂಬರ್‌ನಲ್ಲಿ ಬೇರೆ ಹಾದಿ ಹಿಡಿದು, ಸಾವಿಗೆ 5 ಲಕ್ಷ, ಗಾಯಕ್ಕೆ 5,000 ರೂಪಾಯಿ ಎಂದು ಪ್ರಕಟಿಸಿತು. ಇಲ್ಲಿ ಹಲ್ಲೆಣಿಸುವ ತಾಪತ್ರಯವಿಲ್ಲ ನಿಜ. ಆದರೆ ಕಾಲಿಗೆ ಎರಡು ರಂಧ್ರವಾದ ಯುವಕನಿಗೂ ಕೆನ್ನೆ ಹರಿದುಹೋದ ಹೆಣ್ಣುಮಗುವಿಗೂ ಒಂದೇ ಮೊತ್ತ. ಚಂಡೀಗಢದ ಸೂತ್ರದಲ್ಲೂ ಗುರುತು ಕೆನ್ನೆಯ ಮೇಲಿದೆಯೋ ಮೀನಖಂಡದ ಮೇಲಿದೆಯೋ ಎಂಬುದಕ್ಕೆ ಬೆಲೆಯಿಲ್ಲ. ಗೀರಿನಷ್ಟೇ ಇರುವ ಗಾಯದಿಂದಲೂ ರೇಬೀಸ್ ಬರಬಹುದೆಂಬುದನ್ನು ಎರಡೂ ಸೂತ್ರಗಳು ಗಾಯದ ಬೆಲೆಯಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ತಕರಾರು ಇದೇ: ಎಣಿಸಲು ಸುಲಭವಾದದ್ದಕ್ಕೆ ನಾವು ಬೆಲೆ ಕಟ್ಟುತ್ತಿದ್ದೇವೆ.

ಯಾವ ಸೂತ್ರವಾದರೂ ಸರಿ, ಆಧಾರವಾಗುವುದು ಮೊದಲ ದಿನದ ಆಸ್ಪತ್ರೆ ದಾಖಲೆ. 'ನಾಯಿ ಕಡಿತ, ಬಲಗಾಲು' ಎಂದಷ್ಟೇ ಬರೆದ ಚೀಟಿಯಿಂದ ಯಾವ ಸಮಿತಿಯೂ ಏನನ್ನೂ ನಿರ್ಧರಿಸಲಾರದು. ಗಾಯ ತೊಳೆದ ನಂತರ, ಇಮ್ಯುನೊಗ್ಲಾಬ್ಯುಲಿನ್ ಚುಚ್ಚುವ ಮೊದಲು (ಆ ಔಷಧದಿಂದಲೇ ಗಾಯದ ಸುತ್ತ ಊತ ಬರುತ್ತದೆ), ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ನೇರಕ್ಕೆ ಎರಡು ಛಾಯಾಚಿತ್ರ ತೆಗೆಯಬೇಕು. ರಂಧ್ರಗಳ ಸಂಖ್ಯೆ, ಸೀಳಿನ ಉದ್ದ, ಅಗಲ, ಆಳ, ದೇಹದ ಭಾಗ, ವೇಳೆ ಇಷ್ಟನ್ನು ಬರೆಯಲು ಮುದ್ರಿತ ನಮೂನೆಯೊಂದಿರಬೇಕು. ಅದರ ಒಂದು ಪ್ರತಿಯನ್ನು ಕೇಳದೆಯೇ ಗಾಯಾಳುವಿನ ಕೈಗೆ ಕೊಡಬೇಕು. ಇದಕ್ಕೆ ಹೊಸ ಹುದ್ದೆ ಬೇಡ, ಹೊಸ ಕಾಯ್ದೆ ಬೇಡ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ ಸಾಕು.