ಕಾರ್ಟ್ರಿಜ್ ಅಲ್ಲ ಸ್ವಾಮಿ, ಸೂಜಿ ಬದಲಿಸಿ!

ಈಗ ಮತ್ತೆ ಎಲ್ಲರಿಗೂ ರಿಕಾರ್ಡಿನ ಹುಚ್ಚು. ಒಳ್ಳೆಯದೇ. ಆದರೆ ಟರ್ನ್‌ಟೇಬಲ್ ಕೊಂಡವನು ಬೆಂಗಳೂರಿನ ಯಾವನಾದರೂ ‘ಆಡಿಯೋ ಪಂಡಿತ’ನ ಸಲಹೆ ಕೇಳಿದನೋ, ಕೆಟ್ಟ! ಮೂವಿಂಗ್ ಕಾಯಿಲ್ ಅಂತೆ, ಬೋರಾನ್ ಕ್ಯಾಂಟಿಲಿವರ್ ಅಂತೆ, ಮೈಕ್ರೋಲೈನ್ ಅಂತೆ... ಆರೇಳು ಗ್ರಾಂ ತೂಕದ ವಸ್ತುವಿಗೆ ಒಂದು ಬೈಕಿನ ದುಡ್ಡು. ಇಷ್ಟೆಲ್ಲ ಹೇಳುವ ಪಂಡಿತರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: “ನಿಮ್ಮ ಮನೆಯಲ್ಲಿರುವ ಪ್ಲೇಟು ಯಾವುದು?”

ನಮ್ಮ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆ ಅಜ್ಜನ ಟ್ರಂಕು ತೆಗೆದರೆ ಸಿಗುವುದು ಪಿಂಕ್ ಫ್ಲಾಯ್ಡ್ ಅಲ್ಲ. ಅರಗಿನಿಂದ ಮಾಡಿದ, ಕೈಜಾರಿದರೆ ಹಂಚಿನಂತೆ ಒಡೆಯುವ 78ರ ಪ್ಲೇಟು. ಬೀಳಗಿಯಲ್ಲಿ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿ ದೇಶಕ್ಕೆಲ್ಲ ಹೆಸರಾದಾಗ ಎಲ್‌ಪಿ ಇನ್ನೂ ಹುಟ್ಟಿರಲಿಲ್ಲ. ಅದು ಅಮೆರಿಕದಲ್ಲಿ ಬಂದದ್ದೇ 1948ರಲ್ಲಿ. ಬಾಲಗಂಧರ್ವರ ಜೊತೆ ರಂಗದ ಮೇಲೆ ಹಾಡಿದ ಅವರ ಸೋದರಿ ಗೋಹರ್‌ಬಾಯಿಯವರ ದನಿ ಕೇಳಬೇಕೆಂದರೂ ಇದೇ ಪ್ಲೇಟು ಬೇಕು.

ಎಲ್‌ಪಿಯ ಸೂಜಿಯ ತುದಿ ಸುಮಾರು 18 ಮೈಕ್ರಾನ್ ತ್ರಿಜ್ಯದ್ದು. 78ಕ್ಕೆ ಬೇಕಾದದ್ದು ಸುಮಾರು 76 ಮೈಕ್ರಾನ್, ಅಂದರೆ ನಾಲ್ಕು ಪಟ್ಟು ದಪ್ಪ. ಕಬ್ಬಿನ ಗದ್ದೆಯ ಅಗಲ ಸಾಲಿನಲ್ಲಿ ಛತ್ರಿಯ ಕಡ್ಡಿ ಎಳೆದಂತೆ ಆ ತೆಳು ಸೂಜಿ ಗೆರೆಯ ತಳದಲ್ಲಿ, ಎಂಬತ್ತು ವರ್ಷದ ಧೂಳಿನಲ್ಲಿ ಹೊರಳಾಡುತ್ತದೆ. ಹಾಡು ಇರುವುದು ತಳದಲ್ಲಲ್ಲ, ಗೋಡೆಗಳಲ್ಲಿ! ಜೊತೆಗೆ ಅರಗಿಗೆ ಬೆರೆಸಿದ ಕಲ್ಲುಪುಡಿ ಸೂಜಿಯನ್ನೂ ಸವೆಸುತ್ತದೆ. ಲಕ್ಷ ರೂಪಾಯಿಯ ಕಾರ್ಟ್ರಿಜ್ ಹಾಕಿ, ಅದು ಆ ಧೂಳನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಅಷ್ಟೇ. ಆಮೇಲೆ “ಹಳೇ ರಿಕಾರ್ಡು, ಬರೀ ಕರಕರ” ಎಂದು ಅಮೀರ್‌ಬಾಯಿಯನ್ನು ದೂರುತ್ತೀರಿ.

ಮಾಡಬೇಕಾದದ್ದು ಇಷ್ಟು. ಸೂಜಿಯನ್ನಷ್ಟೇ ಕಿತ್ತು ಬದಲಿಸಬಹುದಾದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಒಂದನ್ನು ಇಟ್ಟುಕೊಳ್ಳಿ. ಆಡಿಯೋ-ಟೆಕ್ನಿಕಾದ ವಿಎಂ95 ಸರಣಿ ಅಂಥದ್ದು. ಅದರಲ್ಲಿ ತೀರಾ ಅಗ್ಗದ್ದು ‘ಸಿ’, ದುಂಡು ತುದಿಯದು. ಎಲ್‌ಪಿ ಇನ್ನೂ ಚೆನ್ನಾಗಿ ಕೇಳಬೇಕೆನಿಸಿದರೆ ಅದೇ ದೇಹಕ್ಕೆ ‘ಇ’ ಸೂಜಿ, 78ಕ್ಕೆ ‘ಎಸ್‌ಪಿ’ ಸೂಜಿ. ಎಳೆದು ತೆಗೆದು ಇನ್ನೊಂದನ್ನು ಸಿಕ್ಕಿಸಿದರೆ ಆಯಿತು, ಸ್ಕ್ರೂಡ್ರೈವರ್ ಕೂಡ ಬೇಡ. ಆದರೆ ‘ಎಸ್‌ಪಿ’ಗೆ 5 ಗ್ರಾಂ ಭಾರ ಬೇಕು, ಉಳಿದವಕ್ಕೆ 2 ಗ್ರಾಂ. ತೋಳಿನ ಹಿಂದಿನ ತೂಕ ಅಷ್ಟು ತಿರುಗುತ್ತದೆಯೇ, ಯಂತ್ರಕ್ಕೆ 78ರ ವೇಗ ಇದೆಯೇ ಮೊದಲು ನೋಡಿ (ಬಹಳ ಮಂದಿ ಕೊಳ್ಳುವ ಎಲ್‌ಪಿ60ಗೆ ಇಲ್ಲ!). ಎಲ್‌ಪಿ ಹಾಕುವ ಮುನ್ನ ಮತ್ತೆ 2ಕ್ಕೆ ಇಳಿಸಿ.

ಇನ್ನು ಸೂಟ್‌ಕೇಸಿನಂಥ ಚಂದದ ಪ್ಲೇಯರುಗಳು. ಮೇಲೆ 78 ಎಂದು ಬರೆದಿರುತ್ತದೆ, ತಟ್ಟೆಯೂ ಆ ವೇಗಕ್ಕೆ ತಿರುಗುತ್ತದೆ, ಸೂಜಿ ಮಾತ್ರ ಸಾಮಾನ್ಯವಾಗಿ ಎಲ್‌ಪಿಯದೇ. ಹಳೇ ಕಾಲದ ಸೆರಾಮಿಕ್ ಕಾರ್ಟ್ರಿಜ್ಜೇ ವಾಸಿ; ಪುಟ್ಟ ಕಡ್ಡಿ ತಿರುಗಿಸಿದರೆ 78ರ ಸೂಜಿ ಬೇರೆ, ಎಲ್‌ಪಿಯದು ಬೇರೆ ಬರುತ್ತಿತ್ತು. ಎಪ್ಪತ್ತು ವರ್ಷದ ಹಿಂದಿನವರಿಗೆ ಗೊತ್ತಿದ್ದದ್ದು ಈಗಿನ ಇಂಜಿನಿಯರುಗಳಿಗೆ ಗೊತ್ತಿಲ್ಲವೆ? ನಾನೂ ಇಂಜಿನಿಯರೇ, ಕೇಳಲು ಹಕ್ಕಿದೆ :-)

ಬನಹಟ್ಟಿಯ ನೇಕಾರ ಕಾಕಾ ಒಬ್ಬರಿಗೆ ಇದನ್ನೆಲ್ಲ ಹೇಳಿದೆ. “ನೂಲಿಗೆ ತಕ್ಕ ಹಣಿಗಿ ಹಾಕ್ಬೇಕೋ ತಮ್ಮಾ, ಇದ್ರಾಗೇನ್ ಹೊಸಾದು?” ಅಂದರು. ಪಂಡಿತರಿಗೆ ನಾನು ಮೂರು ಪುಟ ಬರೆದು ತಿಳಿಸಲಾಗದ್ದು!

ತೊಳೆಯುವ ವಿಷಯ. ಎಲ್‌ಪಿಗೆ ಹಾಕುವ ಸ್ಪಿರಿಟ್ ಬೆರೆಸಿದ ದ್ರಾವಣವನ್ನು 78ಕ್ಕೆ ತಾಗಿಸಲೇಬೇಡಿ. ಬಡಗಿಯನ್ನು ಕೇಳಿ, ಅವನು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಪಾಲಿಶ್ ಮಾಡುವುದು. ಕಂಪ್ಯೂಟರಿಗೆ ಇಳಿಸುವಾಗ ಅಡಾಸಿಟಿಯಲ್ಲಿ ಎಡ-ಬಲ ಎರಡನ್ನೂ ಸೇರಿಸಿ ಮೋನೋ ಮಾಡಿ. 78ರಲ್ಲಿ ಹಾಡು ಇರುವುದು ಅಡ್ಡಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ-ಕೆಳಗಿನದೆಲ್ಲ ಗದ್ದಲ, ಸೇರಿಸಿದಾಗ ಅದು ಬಹುಪಾಲು ಹೋಗುತ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

“ಎಲ್ಲಾ ಯೂಟ್ಯೂಬಿನಲ್ಲಿ ಸಿಗುತ್ತಲ್ಲ” ಅನ್ನುವವರಿದ್ದಾರೆ. ‘ಕಿಸ್ಮತ್’ ಸಿಗುತ್ತದೆ, ನಿಜ. ನಿಮ್ಮ ಟ್ರಂಕಿನಲ್ಲಿರುವ, ಲೇಬಲ್ ಅರ್ಧ ಹರಿದ ಆ ನಾಟಕದ ಪದ ಸಿಗುತ್ತದೆಯೇ? ಹುಡುಕಿ ನೋಡಿ. ಎಂಪಿ3 ಮಾಡಿಕೊಂಡೆ ಎಂದು ಪ್ಲೇಟನ್ನು ಗುಜರಿಯವನಿಗೆ ಹಾಕುವ ಮುನ್ನ, ಅದನ್ನು ಇಳಿಸಿದ್ದು ಯಾವ ಸೂಜಿಯಲ್ಲಿ ಎಂದು ಕೇಳಿಕೊಳ್ಳಿ. ತೆಳು ಸೂಜಿಯಲ್ಲಾದರೆ ಆ ಕೆಲಸ ಮತ್ತೊಮ್ಮೆ ಮಾಡಬೇಕು, ಪ್ಲೇಟು ಇನ್ನೂ ಮನೆಯಲ್ಲಿದ್ದರೆ.