ಕುಡಿದವರು ಓಡಿದರು, ಅಂಗಡಿಯಾತ ಸಿಕ್ಕಿದ

ಬಸ್ ತಂಗುದಾಣ, ಕೆರೆಯ ಏರಿ, ಶಾಲೆಯ ಜಗಲಿ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಮದ್ಯಪಾನ ಮಾಡಕೂಡದೆಂದು 1965ರ ಕರ್ನಾಟಕ ಅಬಕಾರಿ ಅಧಿನಿಯಮದ 15-ಎ ಕಲಮು ವಿಧಿಸಿರುವುದು ಸರ್ವವಿದಿತವಾದರೂ, ಆ ನಿಷೇಧವನ್ನು ಮೀರಿದಾತನಿಗೆ ವಾಸ್ತವದಲ್ಲಿ ಒದಗುವ ಫಲವೇನೆಂಬುದನ್ನು ತಿಳಿಯಬೇಕಾದರೆ ಅಧಿನಿಯಮಕ್ಕಿಂತ ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿಯನ್ನು ಓದುವುದು ಮೇಲು. ಖಚಿತ ಮಾಹಿತಿಯ ಮೇರೆಗೆ ಪಂಚರೊಡನೆ ಸ್ಥಳಕ್ಕೆ ಹೋಗಲಾಗಿ, ಚಿಲ್ಲರೆ ಅಂಗಡಿಯ ಮುಂದೆ ಕುಳಿತು ಕುಡಿಯುತ್ತಿದ್ದವರು ಸಮವಸ್ತ್ರವನ್ನು ಕಂಡೊಡನೆ ಓಡಿಹೋದರೆಂದೂ, ಅಲ್ಲಿ ದೊರೆತ 90 ಎಂ.ಎಲ್. ಟೆಟ್ರಾ ಪ್ಯಾಕೆಟ್ಟುಗಳನ್ನೂ ಪ್ಲಾಸ್ಟಿಕ್ ಲೋಟಗಳನ್ನೂ ಅರ್ಧ ನೀರಿದ್ದ ಬಾಟಲಿಯನ್ನೂ ಜಪ್ತಿ ಮಾಡಲಾಯಿತೆಂದೂ, ಕುಡಿಯಲು ಸ್ಥಳಾವಕಾಶ ಮಾಡಿಕೊಟ್ಟ ಅಂಗಡಿಯಾತನ ಮೇಲೆ ಕಲಂ 15(ಎ), 32(3)ರನ್ವಯ ಪ್ರಕರಣ ದಾಖಲಾಯಿತೆಂದೂ ಅದರಲ್ಲಿ ಬರೆದಿರುತ್ತದೆ. ಜಿಲ್ಲೆ ಯಾವುದಾದರೂ ಒಕ್ಕಣೆ ಬಹುಮಟ್ಟಿಗೆ ಇದೇ. ಕುಡಿದವರ ಕಾಲುಗಳಲ್ಲಿ ಅಷ್ಟು ಬಲ ಉಳಿದಿರುವುದು ಸೋಜಿಗವೇ ಸರಿ!

ಅಂಗಡಿಯಾತನು ನಿರಪರಾಧಿಯೆಂಬುದು ನನ್ನ ವಾದವಲ್ಲ. ಲೋಟವನ್ನೂ ನೀರನ್ನೂ ಖಾರದ ಕಡಲೆಯನ್ನೂ ಮಾರಿ ಆತ ನಾಲ್ಕು ಕಾಸು ಕಂಡವನೇ. ಆದರೆ ಸರ್ಕಾರವು ಸಿ.ಎಲ್.-2 ಸನ್ನದಿನ ಮಳಿಗೆಯಲ್ಲಿ ಮದ್ಯವನ್ನು ಮಾರಲು ಅನುಮತಿಸಿ, ಅಲ್ಲಿ ಕುಳಿತು ಕುಡಿಯುವುದನ್ನು ತಡೆದಿರುವಾಗ, ಸಿ.ಎಲ್.-9 ಸನ್ನದಿನ ಬಾರಿನ ಹೆಚ್ಚಿನ ದರವನ್ನು ತೆರಲಾರದ, ಮನೆಯಲ್ಲಿಯೂ ಕುಡಿಯಲಾರದ ಕೂಲಿಕಾರನು ಆ ಪ್ಯಾಕೆಟ್ಟನ್ನು ಎಲ್ಲಿ ಒಡೆಯಬೇಕೆಂಬ ಪ್ರಶ್ನೆಗೆ ಶಾಸನದಲ್ಲಿ ಉತ್ತರವಿಲ್ಲ. ಹಾಗೆಂದು ಸಂಜೆ ತಂಗುದಾಣದಲ್ಲಿ ನಿಲ್ಲಲಾಗದೆ ಬಿಸಿಲಲ್ಲೋ ಮಳೆಯಲ್ಲೋ ರಸ್ತೆಯಂಚಿನಲ್ಲಿ ಬಸ್ಸು ಕಾಯುವ ಹೆಣ್ಣುಮಕ್ಕಳ ಸಂಕಟವಾಗಲಿ, ಗದ್ದೆಯ ಕೆಸರಿನಲ್ಲಿ ಒಡೆದ ಬಾಟಲಿಯ ಚೂರು ತುಳಿದ ರೈತನ ನೋವಾಗಲಿ ಕಡಿಮೆಯಾಗುವುದಿಲ್ಲ. ನಿಷೇಧ ಇರಲೇಬೇಕು, ಅದರ ಪೆಟ್ಟು ತಾಗಬೇಕಾದವರಿಗೆ ತಾಗಬೇಕು.

ಹಬ್ಬದ ಮೆರವಣಿಗೆಗಳ ಕಾಲದಲ್ಲಿ ಜಿಲ್ಲಾಧಿಕಾರಿಗಳು ಹೊರಡಿಸುವ ಮದ್ಯ ನಿಷೇಧಾಜ್ಞೆಯ ಗತಿಯೂ ಬೇರೆಯಲ್ಲ. ಅದನ್ನು ಉಲ್ಲಂಘಿಸಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 223ನೆಯ ಕಲಮಿನಲ್ಲಿ ಕಾರಾಗೃಹವಾಸವೂ ದಂಡವೂ ಉಂಟು. ಆದರೆ ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯವು ಆ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲವಾದುದರಿಂದ, ಠಾಣೆಯ ಕಾಗದವೊಂದನ್ನೇ ನೆಚ್ಚಿದ ಮೊಕದ್ದಮೆ ಹೊಸ್ತಿಲಲ್ಲಿಯೇ ಮುಗ್ಗರಿಸುತ್ತದೆ.

ಈ ನಡುವೆ ನನಗೆ ಆಶಾದಾಯಕವಾಗಿ ತೋರಿದುದು ಅದೇ ಸಂಹಿತೆಯ 355ನೆಯ ಕಲಮು. ಅಮಲೇರಿ ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಕಿರುಕುಳವಾಗುವಂತೆ ವರ್ತಿಸಿದವನಿಗೆ 1860ರ ದಂಡ ಸಂಹಿತೆಯು 24 ಗಂಟೆಗಳ ಸಾದಾ ಸಜೆಯನ್ನೋ 10 ರೂಪಾಯಿ ದಂಡವನ್ನೋ ಗರಿಷ್ಠವೆಂದು ಗೊತ್ತುಪಡಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯು ಸಜೆಯನ್ನು ಹಾಗೆಯೇ ಉಳಿಸಿ, ದಂಡವನ್ನು 1,000 ರೂಪಾಯಿಗೆ ಏರಿಸಿ, ಸಮುದಾಯ ಸೇವೆಯೆಂಬ ಮೂರನೆಯ ಮಾರ್ಗವನ್ನೂ ತೆರೆದಿದೆ. ದಂಡ ತೆತ್ತರೆ ಹೆಂಡತಿಯ ಕೈಯ ಅಕ್ಕಿಯ ದುಡ್ಡು ಹೋಗುತ್ತದೆ. ಪೊರಕೆ ಹಿಡಿದರೆ ಕುಡಿದವನ ಬೆವರು ಮಾತ್ರ ಹೋಗುತ್ತದೆ. ಆದರೆ ಗಲಾಟೆಯಿಲ್ಲದೆ ಮೂಲೆಯಲ್ಲಿ ಕುಡಿದವನಿಗೆ ಈ ಕಲಮು ಅನ್ವಯಿಸದು. ಆದಕಾರಣ ಅಬಕಾರಿ ಅಧಿನಿಯಮಕ್ಕೂ ತಿದ್ದುಪಡಿ ತಂದು, ಮೊದಲ ಬಾರಿ ಸಿಕ್ಕಿದವನು ತಾನು ಕುಡಿದ ತಂಗುದಾಣವನ್ನೇ ಕೆಲವು ದಿನ ಗುಡಿಸುವಂತೆಯೂ, ಅದರ ಮೇಲ್ವಿಚಾರಣೆಯನ್ನು ಗ್ರಾಮ ಪಂಚಾಯಿತಿಯು ವಹಿಸಿಕೊಳ್ಳುವಂತೆಯೂ ವಿಧಿಸುವುದು ಯುಕ್ತ. ಅಷ್ಟಕ್ಕೂ ಮುನ್ನ, ದಾಳಿಗೆ ಹೋಗುವ ಪೊಲೀಸರು ಅಂಗಡಿಯ ಹಿಂಬದಿಯಲ್ಲಿಯೂ ಒಬ್ಬರನ್ನು ನಿಲ್ಲಿಸಬೇಕಾದೀತು.